ಸಹಾಯ ಬೇಕು: ಹಲಧರ ನಾಗ್ ಅವರ ಕವಿತೆಗಳನ್ನು ಕನ್ನಡಕ್ಕೆ ತರುವ ಬಗ್ಗೆ

ಮಾನ್ಯ ಸದಸ್ಯರಿಗೆ ನಮಸ್ಕಾರ.

ಒಡಿಶಾದ ಬರ್ಗಢ ಜಿಲ್ಲೆಯ ಘೇಂಸ್ ಗ್ರಾಮದಲ್ಲಿ 1950ರಲ್ಲಿ ಜನಿಸಿ, ತಂದೆ ತೀರಿಕೊಂಡ ಮೇಲೆ 3ನೆಯ ತರಗತಿಗೇ ಶಾಲೆ ಬಿಟ್ಟು, ಮಿಠಾಯಿ ಅಂಗಡಿಯಲ್ಲಿ ಪಾತ್ರೆ ತೊಳೆದು, ಮುಂದೆ ಶಾಲೆಯೊಂದರಲ್ಲಿ 16 ವರ್ಷ ಅಡುಗೆ ಮಾಡಿದ ಕವಿ ಹಲಧರ ನಾಗ್ ಅವರ ಕುರಿತು ನಮ್ಮೂರಿನ ಗ್ರಂಥಾಲಯಕ್ಕೆ ಬರುವ ಮಕ್ಕಳಿಗಾಗಿ ಕಿರುಪುಸ್ತಿಕೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅಡುಗೆ ಕೆಲಸದ ನಂತರ ಅವರು 1000 ರೂಪಾಯಿ ಸಾಲ ಪಡೆದು ಶಾಲಾ ಮಕ್ಕಳಿಗೆ ಬೇಕಾದ ಸಾಮಗ್ರಿ ಮಾರುವ ಪುಟ್ಟ ಅಂಗಡಿ ಇಟ್ಟರು. ಮುದಿ ಆಲದ ಮರವನ್ನು ಕುರಿತ ಅವರ ಮೊದಲ ಕವಿತೆ ‘ಧೋಡೊ ಬರ್‌ಗಛ್’ 1990ರಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಪಶ್ಚಿಮ ಒಡಿಶಾದ ಮಾತಾದ ಸಂಬಲ್‌ಪುರಿಯಲ್ಲಿ ಬರೆಯುವ, ತಮ್ಮ ಕಾವ್ಯವನ್ನೆಲ್ಲ ಬಾಯಿಪಾಠವಾಗಿ ಒಪ್ಪಿಸಬಲ್ಲ ಈ ಕವಿಗೆ 2016ರಲ್ಲಿ ಪದ್ಮಶ್ರೀ ಸಂದಿತು. ಪ್ರಶಸ್ತಿಗಿಂತಲೂ ಆ ನೆನಪಿನ ಶಕ್ತಿಯೇ ಮಕ್ಕಳ ಮನಸ್ಸನ್ನು ಮುಟ್ಟುತ್ತದೆಂಬುದು ನನ್ನ ನಂಬಿಕೆ.

ಬೇರೊಂದು ಭಾಷೆಯ ಅನುವಾದವನ್ನು ನೆಚ್ಚಿಕೊಂಡು ಕನ್ನಡಿಸಿದರೆ ಬಾಯಿಂದ ಬಾಯಿಗೆ ಹರಿದ ಪದ್ಯದ ಲಯ ಉಳಿಯುವುದು ಕಷ್ಟ. ಆದ್ದರಿಂದ ಸಂಬಲ್‌ಪುರಿ ಬಲ್ಲ ಕನ್ನಡಿಗರ, ಇಲ್ಲವೇ ಕರ್ನಾಟಕದಲ್ಲಿ ದುಡಿಯುತ್ತಿರುವ ಪಶ್ಚಿಮ ಒಡಿಶಾದವರ ಪರಿಚಯ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ. ಒಂದೆರಡು ಕವಿತೆಗಳನ್ನು ಸಾಲುಸಾಲಾಗಿ ಓದಿ, ಅರ್ಥ ವಿವರಿಸಿ, ಧ್ವನಿಮುದ್ರಿಸಿ ಕಳುಹಿಸಿದರೂ ಬಹಳ ಉಪಕಾರವಾಗುತ್ತದೆ. ಅಚ್ಚಿಗೆ ಮುನ್ನ ಕವಿಯ ಅನುಮತಿ ಪಡೆಯುವ ಕ್ರಮವನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.