ದನಿ ತಗ್ಗಿದ ಮೇಲೆ ಶ್ರುತಿ ಇಳಿಸಬೇಕೇ, ಹಾಡು ಬದಲಿಸಬೇಕೇ?

ಪ್ರಶ್ನೆ: ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನು ಐವತ್ತು ದಾಟಿದ ಗೃಹಿಣಿ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತವನ್ನು ಜೂನಿಯರ್ ಪರೀಕ್ಷೆಯವರೆಗೆ ಕಲಿತು ಬಿಟ್ಟಿದ್ದೆ. ಈಗ ಬಡಾವಣೆಯ ಭಜನಾ ಮಂಡಳಿಯಲ್ಲಿ ಮತ್ತೆ ಹಾಡುತ್ತಿದ್ದೇನೆ. ಮಂಡಳಿಯವರು ಯಾವಾಗಲೂ ಐದೂವರೆ ಮನೆಯ ಶ್ರುತಿಯಲ್ಲೇ (ಹಾರ್ಮೋನಿಯಂನ ಐದೂವರೆ ಮನೆಯನ್ನು, ಅಂದರೆ ಜಿ ಶಾರ್ಪ್ ಅನ್ನು, ಷಡ್ಜವಾಗಿ ಹಿಡಿದು) ಹಾಡುತ್ತಾರೆ. ಮೊದಲು ಆ ಶ್ರುತಿಯಲ್ಲಿ ತಾರಸ್ಥಾಯಿಯ (ಮೇಲಿನ ಸ್ಥಾಯಿಯ) ಗಾಂಧಾರ ಸಲೀಸಾಗಿ ಸಿಗುತ್ತಿತ್ತು. ಈಗ ತಾರಷಡ್ಜ ದಾಟಿದರೆ ಗಂಟಲು ಬಿಗಿಯುತ್ತದೆ, ಆದರೆ ಮಂದ್ರ (ಕೆಳಗಿನ ಸ್ಥಾಯಿಯ) ಪಂಚಮ ಮಾತ್ರ ಹಿಂದೆಂದಿಗಿಂತ ತುಂಬಿ ಬರುತ್ತದೆ. ರಾಜ್ಯೋತ್ಸವದಲ್ಲಿ ಅರ್ಧ ಗಂಟೆ ಒಬ್ಬಳೇ ಹಾಡಬೇಕೆಂದು ಕೇಳಿದ್ದಾರೆ. ಶ್ರುತಿ ಇಳಿಸಿದರೆ ಹಾಡು ಸಪ್ಪೆಯಾಗುತ್ತದೆ ಎಂದು ಕೆಲವರು, ಸಾಧನೆ ಮಾಡಿದರೆ ದನಿ ತಾನೇ ಏರುತ್ತದೆ ಎಂದು ಕೆಲವರು ಹೇಳುತ್ತಿದ್ದಾರೆ. ಒಂದು ಹಾಡನ್ನು ಕಲಿಯುವ ಮೊದಲೇ ಅದು ನನ್ನ ದನಿಗೆ ಒಗ್ಗುತ್ತದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ 1: ವೀಣಾಪಾಠ (ಮೈಸೂರು)

ಅಮ್ಮಾ, ಮೊದಲು ಒಂದು ಸಮಾಧಾನ. ಮುಟ್ಟು ನಿಂತ ನಂತರ ಹೆಣ್ಣುಮಕ್ಕಳ ದನಿ ತುಸು ತಗ್ಗುವುದು ಸಹಜ. ಗಂಡಸರಲ್ಲಿ ಇಳಿವಯಸ್ಸಿನಲ್ಲಿ ಧ್ವನಿತಂತುಗಳು ತೆಳುವಾಗಿ ದನಿ ಕೊಂಚ ಏರುವುದೂ ಉಂಟು. ಇದು ಸಾಧನೆಯ ಕೊರತೆಯಲ್ಲ. ಆದರೆ ದನಿ ಒಡೆದು, ಆ ಕರಕರ ಮೂರು ವಾರ ಕಳೆದರೂ ಹೋಗದಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಬೇಕು.

ಹಾಡನ್ನು ಪರೀಕ್ಷಿಸುವಾಗ ಹೆಚ್ಚಿನವರು ಅದರ ಅತ್ಯಂತ ಎತ್ತರದ ಸ್ವರವನ್ನಷ್ಟೇ ನೋಡುತ್ತಾರೆ. ನನ್ನ ಅನುಭವದಲ್ಲಿ ಅದು ಅರ್ಧ ಉತ್ತರ ಮಾತ್ರ. ಒಂದು ಕ್ಷಣ ತಾರ ಗಾಂಧಾರವನ್ನು ಮುಟ್ಟಿ ಇಳಿಯುವ ಹಾಡಿಗಿಂತ, ತಾರಷಡ್ಜವನ್ನು ದಾಟದಿದ್ದರೂ ಧೈವತ, ನಿಷಾದಗಳಲ್ಲೇ ಸುತ್ತಾಡುತ್ತಿರುವ ಹಾಡು ಗಂಟಲನ್ನು ಹೆಚ್ಚು ದಣಿಸುತ್ತದೆ. ಸಂಚಾರ, ಅಂದರೆ ಹಾಡಿನ ಸ್ವರಗಳ ಓಡಾಟ, ಎಲ್ಲಿ ನೆಲೆಸಿದೆ ಎಂಬುದೇ ಮುಖ್ಯ. ಕೃತಿಗಳಲ್ಲಿ ಸಾಮಾನ್ಯವಾಗಿ ಅನುಪಲ್ಲವಿಯೇ (ಪಲ್ಲವಿಯ ನಂತರದ ಭಾಗ) ಮೇಲಕ್ಕೆ ಏರುವುದರಿಂದ ಪಲ್ಲವಿಯನ್ನು ಬಿಟ್ಟು ಮೊದಲು ಅನುಪಲ್ಲವಿಯನ್ನು ಹಾಡಿ ನೋಡಿ, ಅದೂ ಮೆಲುದನಿಯಲ್ಲಿ. ಕೂಗಿದರೆ ಮಾತ್ರ ಸಿಗುವ ಸ್ವರವನ್ನು ನಿಮ್ಮದೆಂದು ಎಣಿಸಬೇಡಿ. ಆ ಎತ್ತರದಲ್ಲಿ ಯಾವ ಅಕ್ಷರ ಬರುತ್ತದೆ ಎಂಬುದನ್ನೂ ಗಮನಿಸಿ: ತಾರಷಡ್ಜದಲ್ಲಿ ಆಕಾರದ ಮೇಲೆ ಕಾರ್ವೆ (ಸ್ವರವನ್ನು ಉದ್ದಕ್ಕೆ ಹಿಡಿಯುವುದು) ನಿಲ್ಲಿಸುವುದು ಬೇರೆ, ಈಕಾರದ ಮೇಲೆ ನಿಲ್ಲಿಸುವುದು ಬೇರೆ. ಹಲವರಿಗೆ ಎರಡನೆಯದರಲ್ಲಿ ಗಂಟಲು ಬಿಗಿಯುತ್ತದೆ.

ದೇವರನಾಮಗಳಲ್ಲಿ ನಿಮಗೊಂದು ಸ್ವಾತಂತ್ರ್ಯವಿದೆ. ದಾಸರ ಪದಗಳಲ್ಲಿ ಬಹುಪಾಲಿನ ಮೂಲ ಧಾಟಿ ಇಂದು ಉಳಿದಿಲ್ಲ. ನಾವು ಕೇಳುವ ಧಾಟಿಗಳಲ್ಲಿ ಹೆಚ್ಚಿನವು ನಂತರದವರು ಕೂರಿಸಿದವು. ಆದ್ದರಿಂದ ಸಾಹಿತ್ಯವನ್ನು ಉಳಿಸಿಕೊಂಡು ರಾಗವನ್ನು ಬದಲಿಸುವುದು ತಪ್ಪಲ್ಲ. ನಾದನಾಮಕ್ರಿಯೆಯನ್ನು ನೋಡಿ: ಮಂದ್ರ ನಿಷಾದದಿಂದ ಮಧ್ಯಸ್ಥಾಯಿಯ ನಿಷಾದದವರೆಗೆ, ಒಂದೇ ಸ್ಥಾಯಿಯೊಳಗೆ ಮುಗಿಯುವ ರಾಗ. ವಾಡಿಕೆಯಂತೆ ಅದನ್ನು ಮಧ್ಯಮಶ್ರುತಿಯಲ್ಲಿ, ಅಂದರೆ ಮಧ್ಯಮವನ್ನೇ ಷಡ್ಜವೆಂದು ಹಿಡಿದು ಹಾಡುತ್ತಾರೆ. ನೀವು ಐದೂವರೆಯಲ್ಲಿ ಹಾಗೆ ಮಾಡಿದರೆ ಅದರ ನಿಷಾದವು ನಿಮ್ಮ ಹಳೆಯ ತಾರ ಗಾಂಧಾರದ ಸ್ಥಾನಕ್ಕೇ ಬಂದು ಕೂರುತ್ತದೆ, ಮತ್ತೆ ಅದೇ ತೊಂದರೆ. ಷಡ್ಜವನ್ನು ಅಷ್ಟು ಮೇಲಕ್ಕೆ ಒಯ್ಯದೆ ಸ್ವಲ್ಪ ಕೆಳಗೆ ಇಟ್ಟುಕೊಂಡರೆ ಅದೇ ರಾಗ ನಿಮ್ಮ ತುಂಬಿದ ಕೆಳದನಿಗೆ ಚೆನ್ನಾಗಿ ಕೂಡುತ್ತದೆ.

ಉತ್ತರ 2: ಖಯಾಲಪ್ರಿಯ (ಧಾರವಾಡ)

ಮೇಲಿನವರು ಸಂಚಾರದ ಬಗ್ಗೆ ಹೇಳಿದ್ದು ಹಿಂದೂಸ್ತಾನಿ ಪದ್ಧತಿಯಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಪೂರಿಯಾ ಮತ್ತು ಸೋಹನಿ ರಾಗಗಳ ಸ್ವರಗಳು ಒಂದೇ. ಪೂರಿಯಾ ಮಂದ್ರ ಮತ್ತು ಮಧ್ಯಸ್ಥಾಯಿಯಲ್ಲಿ ನೆಲೆಸಿದರೆ ಸೋಹನಿ ತಾರಷಡ್ಜದ ಸುತ್ತಲೇ ಇರುತ್ತದೆ. ದರ್ಬಾರಿ ಮತ್ತು ಅಡಾಣಾಗಳ ನಡುವೆಯೂ ಹೆಚ್ಚುಕಡಿಮೆ ಇಂಥದ್ದೇ ಸಂಬಂಧವಿದೆ. ತಗ್ಗಿದ ದನಿಯವರು ಸೋಹನಿಯನ್ನು ಆರಿಸಿಕೊಂಡು ಅದಕ್ಕಾಗಿ ಶ್ರುತಿಯನ್ನು ಇಳಿಸುತ್ತ ಹೋಗುವುದಕ್ಕಿಂತ ಪೂರಿಯಾವನ್ನೇ ಹಾಡುವುದು ಲೇಸು. ವಚನಗಳನ್ನು ಹಾಡುವುದಾದರೆ ಈ ಆಯ್ಕೆ ನಿಮ್ಮ ಕೈಯಲ್ಲೇ ಇರುತ್ತದೆ, ಏಕೆಂದರೆ ಅವುಗಳಿಗೆ ಕಟ್ಟುಬಿದ್ದ ಧಾಟಿ ಎಂಬುದಿಲ್ಲ. ಮಲ್ಲಿಕಾರ್ಜುನ ಮನಸೂರ ಮತ್ತು ಬಸವರಾಜ ರಾಜಗುರು ಅವರು ವಚನಗಳನ್ನು ರಾಗಗಳಿಗೆ ಅಳವಡಿಸಿ ಹಾಡಿದ್ದನ್ನು ಕೇಳಿ ನೋಡಿ.

ದನಿ ತಗ್ಗಿತೆಂದು ಅಳುಕುವವರು ಗಂಗೂಬಾಯಿ ಹಾನಗಲ್ (1913–2009) ಅವರ 1930ರ ದಶಕದ ಧ್ವನಿಮುದ್ರಿಕೆಯೊಂದನ್ನೂ ನಂತರದ ಖಯಾಲ್ ಒಂದನ್ನೂ ಒಟ್ಟಿಗೆ ಕೇಳಬೇಕು. ಮೊದಲಿನದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರದ್ದು ಗಂಡುದನಿಯೆನ್ನುವಷ್ಟು ಗಡುಸು. ಅವರು ಹಳೆಯ ದನಿಯನ್ನು ಅರಸುತ್ತ ಕೂರದೆ ಆ ಗಡಸುತನಕ್ಕೆ ತಕ್ಕ ನಿಧಾನದ ಗಾಯನವನ್ನೇ ಬೆಳೆಸಿಕೊಂಡರು.

ಉತ್ತರ 3: ಸಂಜೆಮಲ್ಲಿಗೆ (ಬೆಂಗಳೂರು)

ನಾನು ಸುಗಮ ಸಂಗೀತದ ಕಡೆಯವನು, ಹಾಗಾಗಿ ಧಾರವಾಡದವರ ಮಾತಿಗೆ ಸಣ್ಣ ತಕರಾರಿದೆ. ರಾಜ್ಯೋತ್ಸವದ ಸಭೆಯವರು ಕೇಳುವುದು ಭಾವಗೀತೆಗಳನ್ನು, ಮತ್ತು ಅವುಗಳ ಧಾಟಿಯನ್ನು ಸಂಯೋಜಕರು ನಿಗದಿ ಮಾಡಿರುತ್ತಾರೆ. ಅಲ್ಲಿ ಶ್ರುತಿ ಇಳಿಸುವುದೇ ದಾರಿ, ಅದರಲ್ಲಿ ಸಂಕೋಚವೇನೂ ಬೇಡ. ಐದೂವರೆಯಿಂದ ನಾಲ್ಕೂವರೆಗೆ ಬಂದರೆ ಇಳಿಯುವುದು ಎರಡು ಸ್ವರಸ್ಥಾನ (ಕಪ್ಪು, ಬಿಳಿ ಸೇರಿ ಹಾರ್ಮೋನಿಯಂನ ಎರಡು ಮನೆ) ಮಾತ್ರ. ಕೇಳುಗರಲ್ಲಿ ಬಹುತೇಕರಿಗೆ ಅದು ತಿಳಿಯುವುದಿಲ್ಲ, ಗಂಟಲು ಬಿಗಿದದ್ದು ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಸಿ. ಅಶ್ವಥ್ ಅವರು ಎದೆ ತುಂಬಿ ಮೇಲೆ ಹಾಡಿದ ಗೀತೆಯನ್ನು ಅವರದೇ ಎತ್ತರದಲ್ಲಿ ಹಾಡಹೊರಟು ಬಳಲುವವರನ್ನು ಪ್ರತಿ ನವೆಂಬರಿನಲ್ಲೂ ನೋಡುತ್ತೇನೆ. ಕೆಲವು ಕವಿತೆಗಳಿಗೆ ಒಂದಕ್ಕಿಂತ ಹೆಚ್ಚು ಸಂಯೋಜಕರ ಧಾಟಿಗಳಿರುವುದರಿಂದ ಹಾಡು ಇಷ್ಟವಾಗಿದ್ದೂ ಧಾಟಿ ಒಗ್ಗದಿದ್ದರೆ ಇನ್ನೊಂದನ್ನು ಹುಡುಕಬಹುದು.

ಚಲನಚಿತ್ರಗೀತೆಯನ್ನು ಟ್ರ್ಯಾಕ್ (ದನಿಯಿಲ್ಲದ ವಾದ್ಯಸಂಗೀತ) ಹಾಕಿಕೊಂಡು ಹಾಡುವುದಾದರೆ ಎಚ್ಚರಿಕೆ ಬೇಕು. ಮೊಬೈಲಿನಲ್ಲಿ ಶ್ರುತಿಯನ್ನು ಎರಡು ಸ್ವರಸ್ಥಾನ ಸರಿಸಿದರೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚಾದರೆ ವಾದ್ಯಗಳ ನಾದ ಕೆಡುತ್ತದೆ.

ಪ್ರತಿಕ್ರಿಯೆ: ತುಂಗಾತೀರ

ಮೂವರಿಗೂ ಧನ್ಯವಾದಗಳು. ನಾಲ್ಕೂವರೆಯಲ್ಲಿ ಹಾಡಿ ನೋಡಿದೆ. ಎರಡು ಭಾವಗೀತೆಗಳು ನಿರಾಯಾಸವಾಗಿ ಬಂದವು. ಮೂರನೆಯದು ಮಾತ್ರ ಇನ್ನೂ ಮೇಲಿನ ನಿಷಾದದಲ್ಲೇ ಸುತ್ತುತ್ತದೆ, ಅದನ್ನು ಕೈಬಿಟ್ಟು ಒಂದು ವಚನವನ್ನು ಸೇರಿಸಿಕೊಳ್ಳುತ್ತೇನೆ. ತಬಲಾದವರಿಗೆ ಮುಂಚೆಯೇ ಏನಾದರೂ ಹೇಳಬೇಕೇ?

ಉತ್ತರ 4: ಸಂಜೆಮಲ್ಲಿಗೆ

ಖಂಡಿತ ಹೇಳಬೇಕು. ಹಾರ್ಮೋನಿಯಂನಲ್ಲಿ ಮನೆ ಬದಲಿಸುವಷ್ಟು ಸುಲಭವಾಗಿ ತಬಲಾದ ಶ್ರುತಿ ಬದಲಾಗುವುದಿಲ್ಲ. ಎರಡು ಸ್ವರಸ್ಥಾನ ಇಳಿಸಬೇಕೆಂದರೆ ಬಲಗೈಯ ತಬಲಾವನ್ನೇ ಬೇರೆ ತರಬೇಕಾಗಬಹುದು, ಇಳಿಸಿದ ತಬಲಾದ ನಾದ ಸಡಿಲವಾಗಿ ಕೇಳುತ್ತದೆ. ಹಾಗಾಗಿ ಶ್ರುತಿಯನ್ನು ಒಂದು ವಾರ ಮುಂಚೆಯೇ ಅವರಿಗೆ ತಿಳಿಸಿ, ಇಡೀ ಅರ್ಧ ಗಂಟೆಯನ್ನು ಆ ಒಂದೇ ಶ್ರುತಿಯಲ್ಲಿ ಮುಗಿಸುವಂತೆ ಹಾಡುಗಳನ್ನು ಆರಿಸಿಕೊಳ್ಳಿ.