ಡೆನ್ಮಾರ್ಕಿನಿಂದ ಊರಿಗೆ ಕಾಗದ ಕಳಿಸುವವರು ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನಿರುವುದು ಕೋಪನ್‌ಹೇಗನ್‌ನಲ್ಲಿ. ಶಿರಸಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮಜ್ಜಿಗೆ ಕಿವಿ ಮಂದ, ಫೋನಿನಲ್ಲಿ ಮಾತು ಸಾಗುವುದಿಲ್ಲ. ಕಾಗದ ಬಂದರೆ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದುತ್ತಾರೆ. ಆದರೆ 1624ರಿಂದ ನಡೆದುಬಂದ ಇಲ್ಲಿನ ಸರ್ಕಾರಿ ಅಂಚೆ, 2025ರ ಕೊನೆಗೆ ಕಾಗದ ಹಂಚುವುದನ್ನೇ ನಿಲ್ಲಿಸಿತು. ಬೀದಿಯ ಕೆಂಪು ಡಬ್ಬಿಗಳೂ ಹೋದವು. ಈಗ ಖಾಸಗಿ ಕಂಪನಿಯ ಮೂಲಕ ಕಳಿಸಬೇಕು. ಹಾಗೆ ಕಳಿಸಿದ್ದು ಇನ್ನೂ ಅಜ್ಜಿಯ ಕೈ ಸೇರಿಲ್ಲ.

ಕಳಿಸಿ ಗೊತ್ತಿರುವವರು ದಯವಿಟ್ಟು ಹೇಳಿ, ಎಷ್ಟು ದಿನ ಹಿಡಿಯಿತು? ಟ್ರ್ಯಾಕಿಂಗ್‌ಗೆ ಜಾಸ್ತಿ ದುಡ್ಡು ಕೊಟ್ಟರೆ ಪ್ರಯೋಜನ ಇದೆಯಾ? ದೇಶದ ಹೆಸರು, ಪಿನ್ ಕೋಡ್ ಇಂಗ್ಲಿಷಿನಲ್ಲಿ ಬರೆದು ಉಳಿದ ವಿಳಾಸ ಕನ್ನಡದಲ್ಲೇ ಬರೆದಿದ್ದೆ, ನಮ್ಮೂರ ಪೋಸ್ಟ್‌ಮ್ಯಾನ್‌ಗೆ ಸುಲಭ ಆಗಲಿ ಅಂತ. ಅದು ಸರಿ ಅಲ್ವಾ? ರೈಲಿನಲ್ಲಿ ಸ್ವೀಡನ್ನಿನ ಮಾಲ್ಮೋಗೆ ಹೋಗಿ ಪೋಸ್ಟ್ ಮಾಡುವವರಿದ್ದರೆ ಅದನ್ನೂ ತಿಳಿಸಿ. ದೀಪಾವಳಿಯೊಳಗೆ ಅಜ್ಜಿಗೆ ಒಂದು ಕಾಗದವಾದರೂ ಮುಟ್ಟಬೇಕು.