ಕಾಫಿಯ ‘ಚೆರಿ’: ಹಸಿ ಹಣ್ಣೋ, ಒಣಗಿಸಿದ್ದೋ?

ಮಾನ್ಯರೆ,

ಕಾಫಿ ಸಂಸ್ಕರಣೆಯನ್ನು ಕುರಿತು ಕನ್ನಡದಲ್ಲಿ ಬರೆಯುತ್ತಿರುವಾಗ ‘ಚೆರಿ’ ಎಂಬ ಪದದ ಬಳಕೆಯಲ್ಲಿ ತೊಡಕುಂಟಾಗಿದ್ದು, ಬಲ್ಲವರ ಅಭಿಪ್ರಾಯವನ್ನು ಕೋರುತ್ತಿದ್ದೇನೆ.

ಕೊಡಗಿನಲ್ಲಿ ಚೆರಿ ಎಂದರೆ ಸಿಪ್ಪೆಸಮೇತ ಕಣದಲ್ಲಿ ಒಣಗಿಸಿದ ಕಾಫಿ. ಗಿಡದಲ್ಲಿರುವಾಗಲೂ ಕೊಯ್ದು ಚೀಲಕ್ಕೆ ತುಂಬುವಾಗಲೂ ಅದು ‘ಹಣ್ಣು’. ಒಂದು ಹಿಡಿ ತೆಗೆದು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುವಷ್ಟು ಒಣಗಿದ ಮೇಲೆ ‘ಚೆರಿ’. ವ್ಯಾಪಾರಿಗಳು 50 ಕಿಲೋ ಚೀಲಕ್ಕೆ ಅರೇಬಿಕಾ ಪಾರ್ಚ್‌ಮೆಂಟ್ (ತಿರುಳು ಕಳೆದು ಒಳಪೊರೆಯೊಂದಿಗೆ ಒಣಗಿಸಿದ್ದು), ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ ಎಂದು ಬೇರೆಬೇರೆ ದರ ಹೇಳುವುದೂ ಈ ಅರ್ಥದಲ್ಲಿಯೇ. ಹೊರದೇಶಗಳ ಬರಹಗಳಲ್ಲಾದರೋ ಚೆರಿ ಎಂಬುದು ಸಾಮಾನ್ಯವಾಗಿ ಆಗತಾನೆ ಕೊಯ್ದ ಕೆಂಪು ಹಣ್ಣು. ‘ಚೆರಿಯನ್ನು ಕೊಯ್ದ ದಿನವೇ ತಿರುಳು ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹಾಕಬೇಕು’ ಎಂದು ಕನ್ನಡದಲ್ಲಿ ಬರೆದರೆ ನಮ್ಮ ಬೆಳೆಗಾರರು ನಕ್ಕಾರು. (ಸೀಮೆಯ ಚೆರಿ ಹಣ್ಣಿಗೂ ಕಾಫಿಗೂ ನಂಟಿಲ್ಲ, ಕಾಫಿ ನಮ್ಮ ಕೇಪಳದ ಕುಟುಂಬಕ್ಕೆ ಸೇರಿದ್ದು.)

‘ಬೀಜ’ ಎಂಬ ಪದವೂ ಅಷ್ಟೇನೂ ಸರಳವಲ್ಲ. ಕಾಫಿಯ ಹಣ್ಣು ಮಾವಿನ ಹಣ್ಣಿನಂತೆ ಓಟೆಯುಳ್ಳದ್ದು. ಹೊರಸಿಪ್ಪೆ, ತಿರುಳು, ಅದರೊಳಗೆ ಗಟ್ಟಿ ಪೊರೆ, ಅದರೊಳಗೆ ಬೀಜ. ಮಾವಿನಲ್ಲಿ ಓಟೆಯ ಗಡಸು ಚಿಪ್ಪಾಗಿರುವ ಭಾಗವೇ ಕಾಫಿಯಲ್ಲಿ ಕಾಗದದಂತೆ ತೆಳುವಾಗಿ ಪಾರ್ಚ್‌ಮೆಂಟ್ ಎನಿಸಿಕೊಂಡಿದೆ. ತಿರುಳು ಕಳೆದು, ತೊಳೆದು, ಆ ಪೊರೆಯೊಂದಿಗೇ ಒಣಗಿಸಿದ ಮಾಲಿಗೂ ಅದೇ ಹೆಸರು. ಹೀಗಿರುವಾಗ ಸಸಿಮಡಿಯಲ್ಲಿ ಪೊರೆಸಮೇತ ಬಿತ್ತುವುದೂ ಬೀಜ, ಗಿರಣಿಯಲ್ಲಿ ಪೊರೆ ಬಿಡಿಸಿದ್ದೂ ಬೀಜ, ಹುರಿದು ಪುಡಿಗೆ ಹಾಕುವುದೂ ಬೀಜವೇ. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೆಳೆದು ದುಂಡಗಾದರೆ ಮಾತ್ರ ಪೀಬೆರಿ ಎಂಬ ಬೇರೆ ಹೆಸರಿದೆ.

ಹಸಿಯದಕ್ಕೆ ‘ಕಾಫಿ ಹಣ್ಣು’ ಎಂದೇ ಬರೆದು, ‘ಚೆರಿ’ಯನ್ನು ಒಣಗಿಸಿದ್ದಕ್ಕೆ ಮೀಸಲಿಡುವುದು ಸರಿಯೆಂದು ನನಗೆ ತೋರುತ್ತದೆ. ‘ಒಣಹಣ್ಣು’ ಎಂದರೆ ದ್ರಾಕ್ಷಿ, ಖರ್ಜೂರ ನೆನಪಾಗುತ್ತವೆ; ಪಾರ್ಚ್‌ಮೆಂಟಿಗೆ ಹೊಸ ಪದ ಟಂಕಿಸಿದರೆ ಅದು ಪುಸ್ತಕದಲ್ಲಿಯೇ ಉಳಿದೀತು. ಚಿಕ್ಕಮಗಳೂರು, ಸಕಲೇಶಪುರ ಕಡೆಯ ತೋಟಗಳಲ್ಲಿ, ಅಥವಾ ನಮ್ಮಲ್ಲೇ ಕೊಡವ ಮತ್ತು ಅರೆಭಾಷೆಯ ಹಿರಿಯರ ಮಾತಿನಲ್ಲಿ, ಚೆರಿ, ಪಾರ್ಚ್‌ಮೆಂಟ್ ಎಂಬ ಈ ಎರಡು ಬಗೆಯ ಮಾಲಿಗೆ ಹಳೆಯ ಹೆಸರುಗಳೇನಾದರೂ ಬಳಕೆಯಲ್ಲಿದ್ದರೆ, ಯಾವ ಊರಿನಲ್ಲಿ ಕೇಳಿದ್ದೆಂಬುದನ್ನೂ ಸೇರಿಸಿ ತಿಳಿಸಬೇಕೆಂದು ವಿನಂತಿ.